ಕೊಕ್ಕೆಗೆ ನೇತುಹಾಕಿದ ಭವಿಷ್ಯ

"ನನ್ನ ಅಂಗಡೀಲೇ ನಿಂತ್ಕೊಂಡು ನನಗೇ ಬೈತೀರೇನ್ರೀ? ಮೇಷ್ಟ್ರು ಅಂತ ಮರ್ಯಾದೆ ಕೊಟ್ರೆ ತಲೆ ಮೇಲೆ ಹತ್ತಿ ಕೂತ್ಕೋತೀರಾ?"

"ನಾನೆಲ್ಲಿ ಬೈದೆನಪ್ಪ?"

"ಇನ್ನೇನು ಮತ್ತೆ! ಈಗ ತಾನೇ ಅಂದ್ರಲ್ಲ, ಹರಿಯೋ... ಹರಿಯೋಲೆ... ಅದೇನೋ ಕರ್ಮ! ಗಿರಾಕಿಗಳ ಮುಂದೇನೇ ಅಂದ್ರಿ. ಅರ್ಥ ಆಗದ ಭಾಷೇಲಿ ಬೈದ್ರೆ ತಪ್ಪಿಸ್ಕೋಬಹುದು ಅಂದ್ಕೊಂಡ್ರಾ? ಬೈಗುಳ ಯಾವ ಭಾಷೇಲಿದ್ರೂ ಬೈದವನ ಮುಖ ನೋಡಿದ್ರೆ ಗೊತ್ತಾಗುತ್ತೆ!"

ಸಿಡಿಲಣ್ಣ ಮಚ್ಚನ್ನು ಕೊರಡಿಗೆ ಹೊಡೆದು ನಿಲ್ಲಿಸಿದ. ಮಾಂಸದಂಗಡಿಯವನಿಗೆ ಸಿಟ್ಟು ಬಂದರೆ ಇದೊಂದು ಅನುಕೂಲ, ಹೊಡೆಯಲು ಏನಾದರೂ ಎದುರಿಗೇ ಇರುತ್ತದೆ. ಕೊರಡಿನ ಮೇಲಿದ್ದ ಪಕ್ಕೆಲುಬುಗಳು ಒಮ್ಮೆ ಹಾರಿ ಕೂತವು. ಸಾಲಿನಲ್ಲಿ ನಿಂತಿದ್ದ ಟೈಲರ್ ಹೆಂಗಸು ಸೆರಗಿಗೆ ಏನಾದರೂ ಸಿಡಿಯಿತೇ ಎಂದು ನೋಡಿಕೊಂಡಳು. ಜಗಳದ ಮೂಲ ಅವಳೇ. ಕಳೆದುಹೋದ ಬೆಕ್ಕಿನ ಕತೆಯನ್ನು ಅವಳು ಹೇಳಿ ಮುಗಿಸುವ ಮೊದಲೇ ಸಿಡಿಲಣ್ಣ, "ಯೋಚನೆ ಮಾಡ್ಬೇಡಿ, ನಾಡಿದ್ದಿನೊಳಗೆ ತಾನಾಗೇ ಮನೆಗೆ ಬರುತ್ತೆ, ನನ್ನ ಮಾತು ಬರೆದಿಟ್ಕೊಳ್ಳಿ" ಎಂದಿದ್ದ. ಅವಳ ಹಿಂದೆ ನಿಂತಿದ್ದ ಮೇಷ್ಟ್ರು ನಕ್ಕು, "ಓಹೋ, ಹರಿಯೋಲೇಟ್ ಮಾಡ್ತಿದ್ದೀರಿ" ಎಂದಿದ್ದರು. ಅಷ್ಟೇ ಆಗಿದ್ದು.

ತಕ್ಕಡಿಯ ಹಿಂದೆ ಕೂತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು. "ಲೋ, ಮೊದಲು ಅರ್ಥ ಕೇಳು. ಆಮೇಲೆ ಬೇಕಾದ್ರೆ ಕುಣಿ."

ಅಕ್ಕ ಸಿಡಿಲಣ್ಣನಿಗೆ ಒಡಹುಟ್ಟಿದ ಅಕ್ಕ, ಬೀದಿಗೆಲ್ಲ ಕರೆಯುವ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮಾರನೆಯ ದಿನವೇ ಅಪ್ಪನ ತಕ್ಕಡಿ ಹಿಡಿದಳು. ಅಪ್ಪ ಸತ್ತ ಮೇಲೆ ಅಂಗಡಿಗೆ ಬಂದ ತಮ್ಮನಿಗೆ ಮಚ್ಚು ಹಿಡಿಯುವುದು ಬರುತ್ತಿತ್ತು, ಬಾಯಿ ಹಿಡಿಯುವುದು ಬರುತ್ತಿರಲಿಲ್ಲ. ಅವನು ಬೈದು ಓಡಿಸಿದ ಗಿರಾಕಿಯನ್ನು ಅವಳು ಕರೆದು ತರುತ್ತಿದ್ದಳು. ಅಂಗಡಿ ನಿಂತದ್ದೇ ಹಾಗೆ. ಇದು ಬೀದಿಗೆಲ್ಲ ಗೊತ್ತಿತ್ತು. ಸಿಡಿಲಣ್ಣನಿಗೂ ಗೊತ್ತಿತ್ತು, ಆದರೆ ಅವನು ಬಾಯಿಬಿಟ್ಟು ಒಂದು ದಿನವೂ ಹೇಳಿದವನಲ್ಲ.

ಮೇಷ್ಟ್ರು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು. ಪಾಠ ಶುರುವಾಗುವ ಲಕ್ಷಣ ಅದು. ಅವರು ಜೀವಮಾನವೆಲ್ಲ ಮಕ್ಕಳಿಗೆ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಸತ್ತ ಭಾಷೆಯಿಂದ ಹೊಟ್ಟೆ ಹೊರೆದವರು ಎಂದು ಸಿಡಿಲಣ್ಣ ಆಡಿಕೊಂಡರೆ, ಸತ್ತ ಕುರಿಯಿಂದ ಹೊರೆಯುವುದಕ್ಕಿಂತ ವಾಸನೆ ಕಡಿಮೆ ಎಂದು ಅವರೂ ಬಿಡುತ್ತಿರಲಿಲ್ಲ.

"ಕೇಳಿ. ಹರಿಯೋಲುಸ್ ಅಂದ್ರೆ ಲ್ಯಾಟಿನ್‌ನಲ್ಲಿ ಭವಿಷ್ಯ ಹೇಳೋನು. ಹರಿಯೋಲಾರಿ ಅಂದ್ರೆ ಭವಿಷ್ಯ ಹೇಳೋದು. ಇಂಗ್ಲಿಷಿನವರು ಅದನ್ನ ಎತ್ಕೊಂಡು ಹೋಗಿ ಹರಿಯೋಲೇಟ್ ಅಂತ ಮಾಡ್ಕೊಂಡ್ರು. ಮಾಡ್ಕೊಂಡಿದ್ದೇ ಬಂತು, ಬಳಸಿದವರಿಲ್ಲ. ದೊಡ್ಡ ನಿಘಂಟುಗಳ ಮೂಲೇಲಿ ಧೂಳು ತಿಂತಾ ಬಿದ್ದಿದೆ. ನಿಮ್ಮನ್ನ ನೋಡಿ ನನಗೆ ನೆನಪಾಯ್ತು."

"ಅಂದ್ರೆ ಬೈಗುಳ ಅಲ್ಲ?"

"ಅಲ್ಲವೇ ಅಲ್ಲ. ಇನ್ನೂ ಒಂದು ಮಾತಿದೆ. ಕರುಳಿಗೆ ಹಳೇ ಲ್ಯಾಟಿನ್‌ನಲ್ಲಿ ಒಂದು ಪದ ಇತ್ತು, ಹರಿಯೋಲುಸ್ ಅದರಿಂದಲೇ ಹುಟ್ಟಿದ್ದು ಅಂತ ಕೆಲವು ಪಂಡಿತರು ಹೇಳ್ತಾರೆ. ಖಚಿತ ಅಲ್ಲ. ಆದರೆ ರೋಮ್‌ನಲ್ಲಿ ಹರುಸ್ಪೆಕ್ಸ್ ಅಂತ ಒಬ್ಬ ಇರ್ತಿದ್ದ, ಅದು ಖಚಿತ. ಅವನ ಕೆಲಸ ಏನು ಗೊತ್ತಾ? ಬಲಿ ಕೊಟ್ಟ ಕುರಿಯ ಪಿತ್ತಜನಕಾಂಗ ನೋಡಿ ಮುಂದಾಗೋದನ್ನ ಹೇಳೋದು."

"ಯಾವ ಜನಕಾಂಗ?"

"ಲಿವರ್ ಕಣೋ" ಎಂದಳು ಅಕ್ಕ.

ಸಿಡಿಲಣ್ಣ ಕೊಕ್ಕೆಗಳ ಸಾಲನ್ನು ನೋಡಿದ. ಅಲ್ಲಿ ಕೆಂಪಗೆ ಮಿರಮಿರ ಮಿಂಚುತ್ತಾ ಲಿವರ್‌ಗಳು ತೂಗುತ್ತಿದ್ದವು. ಇಷ್ಟು ವರ್ಷ ತೂಕದ ಲೆಕ್ಕದಲ್ಲಿ ನೋಡಿದವನು ಅವತ್ತು ಬೇರೆ ಕಣ್ಣಿನಿಂದ ನೋಡಿದ.

"ದೊಡ್ಡ ಮನುಷ್ಯರೇ ನೋಡ್ತಿದ್ರಾ?"

"ಸೇನಾಪತಿಗಳು ಇವರನ್ನ ಕೇಳಿ ಯುದ್ಧಕ್ಕೆ ಹೊರಡ್ತಿದ್ರು."

"ಹಾಗಾದ್ರೆ ಮೇಷ್ಟ್ರಿಗೆ ಕಾಲು ಕೆಜಿ ಒಳ್ಳೇದು ನೋಡಿ ಕೊಡಕ್ಕ" ಎಂದ ಸಿಡಿಲಣ್ಣ. ಸಿಟ್ಟು ಬಂದಷ್ಟೇ ಬೇಗ ಇಳಿದಿತ್ತು.

ಟೈಲರ್ ಹೆಂಗಸಿನ ಬೆಕ್ಕು ಎರಡು ದಿನಕ್ಕೆ ಬಂತು. ಮಾಂಸದಂಗಡಿ ಇರುವ ಬೀದಿಗೆ ಬೆಕ್ಕು ವಾಪಸು ಬರುವುದಕ್ಕೆ ಯಾವ ದಿವ್ಯದೃಷ್ಟಿಯೂ ಬೇಕಿಲ್ಲ. ಆದರೆ ಆ ಹೆಂಗಸಿನ ಹೊಲಿಗೆ ಯಂತ್ರಕ್ಕಿಂತ ಬಾಯಿ ಜೋರು. ಒಂದು ರವಿಕೆಯ ಅಳತೆ ಕೊಡುವಷ್ಟರಲ್ಲಿ ಒಂದು ಓಣಿಗೆ ಸುದ್ದಿ ಮುಟ್ಟಿತು. ಮುಂದಿನ ವಾರ ಲಿವರ್ ಕೇಳುವವರು ಹೆಚ್ಚಾದರು. ಸಿಡಿಲಣ್ಣ ಕೊಕ್ಕೆಯಿಂದ ಲಿವರ್ ಇಳಿಸಿ, ಕೊರಡಿನ ಮೇಲೆ ಅಗಲ ಮಾಡಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೊದಲಿಗೆ ಮಳೆ, ಗಾಳಿ. ಆಮೇಲೆ ಪರೀಕ್ಷೆಯ ಫಲಿತಾಂಶ. ಆಮೇಲೆ ಮನೆ ಸಿಗುತ್ತದೋ ಇಲ್ಲವೋ, ಸೊಸೆಗೆ ಹೆರಿಗೆ ಸುಸೂತ್ರವೋ, ಮೇಲಧಿಕಾರಿಯ ಬುದ್ಧಿ ಸರಿಹೋಗುತ್ತದೋ.

"ಇಲ್ಲಿ ನೋಡಿ, ಈ ಅಂಚು ಹೇಗೆ ನುಣ್ಣಗಿದೆ. ನಿಮ್ಮ ಕೆಲಸ ಬೆಣ್ಣೆ ತೆಗೆದ ಹಾಗೆ ಆಗುತ್ತೆ."

"ಅಣ್ಣ, ಹೋದ ವಾರ ಪಕ್ಕದ ಮನೆಯವರಿಗೂ ನುಣ್ಣಗಿದೆ ಅಂದ್ರಂತೆ?"

"ಅವರದ್ದೂ ಆಗುತ್ತೆ. ಬೇರೆಯವರ ಕೆಲಸ ಆದ್ರೆ ನಿಮಗೇನ್ರೀ ಹೊಟ್ಟೆಯುರಿ? ಆ ಉರಿಗೂ ಲಿವರ್ರೇ ಕಾರಣ, ತಗೊಳ್ಳಿ."

ಅವನು ಹೇಳಿದ ಭವಿಷ್ಯವೆಲ್ಲ ಒಳ್ಳೆಯದೇ. ಒಬ್ಬರಿಗೂ ಕೆಟ್ಟದ್ದು ಬರಲಿಲ್ಲ. ಜನ ಒಳ್ಳೆಯ ಮಾತು ಕೇಳಿದ ಖುಷಿಗೆ ಇನ್ನೊಂದಿಷ್ಟು ಮಾಂಸ ಕೊಂಡರು. ಸಿಡಿಲಣ್ಣನ ಎದೆ ಎರಡು ಗೇಣು ಉಬ್ಬಿತು. ಮೀಸೆ ತಿರುವಿದರೆ ಕೈಗೆ ಅಂಟಿದ ಕೊಬ್ಬು ಮೀಸೆಗೆ ಹತ್ತುತ್ತಿತ್ತು, ಆದರೂ ತಿರುವುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಅವನ ಬೆನ್ನ ಹಿಂದೆ ಅಕ್ಕ ನಕ್ಕಳು. ಅಕ್ಕ ನಗುತ್ತಿರಲಿಲ್ಲ ಎಂದಲ್ಲ. ಗಿರಾಕಿಗೆ ನಗುವ ನಗು ಒಂದಿತ್ತು, ಅದು ತೂಕದ ಜೊತೆ ಕೊಡುವ ನಗು. ಇದು ಬೇರೆ. ಹೊಟ್ಟೆಯಿಂದ ಬಂದದ್ದು, ತಕ್ಕಡಿಯ ಸರಪಳಿ ಅಲ್ಲಾಡಿತು. ಸಿಡಿಲಣ್ಣ ತಿರುಗಿ ನೋಡಿದ. ಮೇಷ್ಟ್ರು ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿ ಏನೋ ಪಿಸುಗುಟ್ಟಿ ಈಗ ತಾನೇ ನೆಟ್ಟಗಾಗುತ್ತಿದ್ದರು.

"ಏನದು? ನಮಗೂ ಹೇಳಿ, ನಾವೂ ನಗೋಣ."

"ಏನಿಲ್ಲ ಬಿಡೋ."

"ಏನಿಲ್ಲದ್ದಕ್ಕೆ ಹಾಗೆ ನಗ್ತಾರಾ? ಹೇಳ್ರೀ ಮೇಷ್ಟ್ರೇ!"

ಮೇಷ್ಟ್ರು ಸುಳ್ಳು ಹೇಳುವವರಲ್ಲ, ಅದೊಂದು ಅವರಿಗಿದ್ದ ರೋಗ. "ಆ ಪದದ ವಿಷಯ. ಅವತ್ತು ಪೂರ್ತಿ ಹೇಳಲಿಲ್ಲ. ಹರಿಯೋಲಾರಿ ಅಂದ್ರೆ ಭವಿಷ್ಯ ಹೇಳೋದು ಸರಿ. ಆದರೆ ರೋಮ್‌ನ ನಾಟಕಗಳಲ್ಲಿ ಅದಕ್ಕೆ ಇನ್ನೊಂದು ಅರ್ಥಾನೂ ಇತ್ತು. ತಲೆಬುಡ ಇಲ್ಲದೆ ಒದರೋದು. ಬಾಯಿಗೆ ಬಂದದ್ದು ಬಡಬಡಿಸೋದು."

ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಮಚ್ಚು ಕೊರಡಿಗೆ ಬೀಳುತ್ತದೆ ಎಂದುಕೊಂಡರು. ಸಿಡಿಲಣ್ಣ ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟ.

"ನಮ್ಮಪ್ಪ ದಿನಾ ನನಗೆ ಅದನ್ನೇ ಹೇಳ್ತಿದ್ದ" ಎಂದ. "ಪಾಪ, ಲ್ಯಾಟಿನ್ ಬರ್ತಿರಲಿಲ್ಲ ಅವನಿಗೆ."

ಅವತ್ತು ಮೇಷ್ಟ್ರೂ ನಕ್ಕರು, ಅಕ್ಕ ಮತ್ತೆ ನಕ್ಕಳು. ಆ ಎರಡನೆಯ ನಗು ಸಿಡಿಲಣ್ಣನ ಕಿವಿಯಲ್ಲಿ ಮುಳ್ಳಿನಂತೆ ಉಳಿಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಹೇಳಿದ. "ಆ ಮೇಷ್ಟ್ರು ವಾರಕ್ಕೊಂದು ಸಲ ಬರ್ತಿದ್ದೋರು ಈಗ ದಿನಾ ಬರ್ತಾರೆ. ಒಬ್ಬ ಮನುಷ್ಯ ಅಷ್ಟೊಂದು ಲಿವರ್ ತಿಂದ್ರೆ ಬದುಕ್ತಾನೇನೇ?"

ಹೆಂಡತಿ ತಟ್ಟೆಗೆ ಬಡಿಸುತ್ತಾ ಅವನ ಮುಖ ನೋಡಿದಳು. "ಊರಿನ ಭವಿಷ್ಯವೆಲ್ಲ ಕಾಣುತ್ತೆ ನಿಮಗೆ. ಮೂಗಿನ ಕೆಳಗಿಂದು ಕಾಣಲ್ಲ."

"ಏನು?"

"ಬೀದಿಯೋರೆಲ್ಲ ಅತ್ತಿಗೇನ ಏನಂತ ಕರೀತಾರೆ?"

"ಅಕ್ಕ ಅಂತಾರೆ."

"ಅವರಿಗಿಂತ ದೊಡ್ಡೋರು?"

"ಅವರೂ ಅಕ್ಕ ಅಂತಾನೇ ಅಂತಾರೆ. ಹಲ್ಲುಬಿದ್ದ ಮುದುಕರೂ ಅಂತಾರೆ."

"ಮೇಷ್ಟ್ರು ಏನಂತಾರೆ?"

ಸಿಡಿಲಣ್ಣ ತುತ್ತು ಹಿಡಿದುಕೊಂಡು ಯೋಚಿಸಿದ. ಮೇಷ್ಟ್ರು ಅಕ್ಕ ಅಂದದ್ದು ಅವನಿಗೆ ನೆನಪಾಗಲಿಲ್ಲ. 'ನೋಡಿ' ಎನ್ನುತ್ತಿದ್ದರು. 'ಕೇಳಿಸ್ತಾ' ಎನ್ನುತ್ತಿದ್ದರು. ಒಮ್ಮೊಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು, ಅಕ್ಕ ತಾನಾಗಿ ತಿರುಗುತ್ತಿದ್ದಳು. ತುತ್ತು ಮತ್ತೆ ತಟ್ಟೆಗೆ ಬಿತ್ತು.

ಮೇಷ್ಟ್ರು ಕಾಯಿಸಲಿಲ್ಲ. ಆ ವಾರವೇ, ಗಿರಾಕಿಗಳ ಎದುರಿಗೇ, ಚೀಲವನ್ನು ಕೆಳಗಿಟ್ಟು ಕೇಳಿದರು. ಲ್ಯಾಟಿನ್ ಇರಲಿಲ್ಲ, ಪೀಠಿಕೆ ಇರಲಿಲ್ಲ. "ನನ್ನ ಮನೇಲಿ ನಾನೊಬ್ಬನೇ. ಇವರನ್ನ ಮದುವೆ ಆಗ್ಬೇಕು ಅಂತಿದ್ದೀನಿ. ಇವರನ್ನ ಕೇಳಿದೆ. ತಮ್ಮನನ್ನ ಕೇಳದೆ ಹೇಳಲ್ಲ ಅಂದ್ರು. ಅದಕ್ಕೆ ನಿಮ್ಮನ್ನ ಕೇಳ್ತಿದ್ದೀನಿ."

ಸಿಡಿಲಣ್ಣನಿಗೆ ಕೂಗಾಡಲು ಬೇಕಾದಷ್ಟು ಮಾತಿತ್ತು. ಈ ವಯಸ್ಸಲ್ಲಿ, ಜನ ಏನಂತಾರೆ, ಮಾನ ಮರ್ಯಾದೆ. ಆದರೆ ಜನ ಅಲ್ಲೇ ಸಾಲಾಗಿ ನಿಂತಿದ್ದರು, ಎಲ್ಲರ ಮುಖದಲ್ಲೂ ಹಲ್ಲು ಕಾಣುತ್ತಿತ್ತು. ಇದ್ದ ಮಾತನ್ನು ಇದ್ದ ಹಾಗೇ ಹೇಳಬೇಕೆಂದರೆ ಅವನ ಕಷ್ಟ ಮಾನದ್ದಲ್ಲ. ನಾಳೆ ತಕ್ಕಡಿಯ ಹಿಂದೆ ಯಾರು ಕೂರುತ್ತಾರೆ? ತಾನು ಸಿಡಿದಾಗ 'ಲೋ' ಎನ್ನುವವರು ಯಾರು? ಅಕ್ಕ ಇಲ್ಲದ ಅಂಗಡಿಯನ್ನು ಅವನು ಕಂಡೇ ಇರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಬೆರಳು ಕೊಯ್ದುಕೊಳ್ಳುವುದು ಅವನಿಗೆ ಸುಲಭವಿತ್ತು.

"ನನ್ನನ್ನೇನು ಕೇಳೋದು" ಎಂದು ಗೊಣಗಿದ.

"ಹಾಗಾದ್ರೆ ಲಿವರ್‌ನೇ ಕೇಳು" ಎಂದಳು ಅಕ್ಕ. ಕಣ್ಣಿನ ಮೂಲೆಯಲ್ಲಿ ತುಂಟತನ ಇತ್ತು. "ಊರಿಗೆಲ್ಲ ಹೇಳ್ತೀಯ, ಅಕ್ಕನಿಗೊಂದು ಹೇಳ್ಬಾರದಾ? ಶನಿವಾರ ನೋಡು. ಏನು ಬರುತ್ತೋ ಅದೇ ಆಗ್ಲಿ."

ಸಾಲು ಗೊಳ್ಳೆಂದು ನಕ್ಕಿತು. ಶನಿವಾರ ತಾನು ಬಂದೇ ಬರುತ್ತೇನೆ ಎಂದಳು ಟೈಲರ್ ಹೆಂಗಸು.

ಆ ಸಂಜೆ ಸಿಡಿಲಣ್ಣ ಮನೆಯಲ್ಲಿ ಮೀಸೆ ತಿರುವುತ್ತಾ ಕೂತ. "ನನ್ನ ಕೈಗೇ ಬಿಟ್ಟಿದ್ದಾಳೆ. ಲಿವರ್ ಕೆಟ್ಟದ್ದು ಹೇಳ್ತು ಅಂದ್ರೆ ಮುಗೀತು. ನನ್ನಕ್ಕ ಮಾತಿಗೆ ತಪ್ಪೋಳಲ್ಲ."

"ಯಾವ ಲಿವರ್ ತೋರಿಸಿ ಹೇಳ್ತೀರಿ?" ಎಂದಳು ಹೆಂಡತಿ.

"ಯಾವುದೋ ಒಂದು. ಕೊಕ್ಕೆ ತುಂಬ ಇಲ್ವಾ?"

"ಅಯ್ಯೋ ನಿಮ್ಮ ತಲೆ! ಬೆಳಿಗ್ಗೆ ಕುರಿಗಳ ಹೊಟ್ಟೆಯೊಳಗಿಂದು ಬಂದ ಕೂಡ್ಲೆ ಹಿಂದಿನ ಕೋಣೇಲಿ ಅತ್ತಿಗೆ ಒಂದೊಂದೇ ಲಿವರ್ ಒತ್ತಿ ನೋಡ್ತಾರೆ. ಹುಳ ಬಿದ್ದದ್ದು, ಬಿಳಿ ಗಂಟು ಇರೋದು, ಕಲ್ಲಿನ ಹಾಗೆ ಗಟ್ಟಿ ಆಗಿರೋದು, ಎಲ್ಲಾ ಬಕೆಟ್ಟಿಗೆ ಹೋಗುತ್ತೆ. ಹುಳುಕಿಲ್ಲದ್ದು ಮಾತ್ರ ಕೊಕ್ಕೆಗೆ ಬರುತ್ತೆ. ಕೊಕ್ಕೇಲಿರೋದನ್ನ ಯಾರು ನೋಡಿದ್ರೂ ನುಣ್ಣಗೇ ಇರುತ್ತೆ. ನಿಮ್ಮ ಭವಿಷ್ಯ ಎಲ್ಲಾ ಒಳ್ಳೇದೇ ಬರೋದು ಯಾಕೆ ಅಂದ್ಕೊಂಡಿದ್ರಿ? ನೀವು ನೋಡೋಕೆ ಮುಂಚೆ ಅತ್ತಿಗೆ ನೋಡಿರ್ತಾರೆ!"

ಸಿಡಿಲಣ್ಣನ ಕೈ ಮೀಸೆಯ ಮೇಲೇ ನಿಂತಿತು. ಅವನು ಹಿಂದಿನ ಕೋಣೆಗೆ ಹೋಗುತ್ತಲೇ ಇರಲಿಲ್ಲ. ಕುರಿಯನ್ನು ತುಂಡು ಮಾಡುವ ಈ ಗಂಡಸಿಗೆ ಕರುಳಿನ ವಾಸನೆ ಕಂಡರಾಗದು. ಹುಡುಗನಾಗಿದ್ದಾಗ ಒಮ್ಮೆ ಅಲ್ಲಿ ತಲೆತಿರುಗಿ ಬಿದ್ದವನು ಮತ್ತೆ ಹೊಸಿಲು ದಾಟಿರಲಿಲ್ಲ. ಅಕ್ಕನೂ ಕರೆದಿರಲಿಲ್ಲ.

"ಹಾಗಾದ್ರೆ ನನಗೆ ಬಲೆ ಹಾಕಿದ್ದಾಳೆ ಅನ್ನು."

"ಬಲೆ ಅಲ್ಲ. ನಿಮ್ಮ ಬಾಯಿಂದ ಒಂದು ಒಳ್ಳೇ ಮಾತು ಬರ್ಲಿ ಅಂತ ಕಾಯ್ತಿದ್ದಾರೆ. ಬೇಡ ಅಂತಿದ್ರೆ ನೇರವಾಗಿ ಹೋಗಿ ಬೇಡ ಅನ್ನಿ."

ಅವನು ಹೇಳಲಿಲ್ಲ. ಬಾಗಿಲಲ್ಲಿ ಎರಡು ಸಲ ಅಕ್ಕ ಎದುರಾದಳು. ಎರಡು ಸಲವೂ ಚಾಕು ಮೊಂಡಾಗಿದೆ ಎಂದ.

ಶನಿವಾರ ಅಕ್ಕ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ ಹೊತ್ತು ನೋಡಿಕೊಂಡು, ಮೂಗಿಗೆ ಟವೆಲ್ ಕಟ್ಟಿಕೊಂಡು ಸಿಡಿಲಣ್ಣ ಹಿಂದಿನ ಕೋಣೆಗೆ ನುಗ್ಗಿದ. ಕಣ್ಣು ಅರ್ಧ ಮುಚ್ಚಿ ಬಕೆಟ್ಟಿಗೆ ಕೈ ಹಾಕಿದ. ಸಿಕ್ಕಿದ ಒಂದನ್ನು ನೀರಿನಲ್ಲಿ ಜಾಲಿಸಿ ತಂದು ಕೊನೆಯ ಕೊಕ್ಕೆಗೆ ಸಿಕ್ಕಿಸಿದ. ಅಕ್ಕ ತನ್ನ ಹತ್ತಿರವೇ ಉಳಿಯುತ್ತಾಳೆ ಎಂದುಕೊಂಡು ವಾಸನೆ ತಡೆದುಕೊಂಡ.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಟೈಲರ್ ಹೆಂಗಸು ತನ್ನ ಜೊತೆ ಇನ್ನೂ ನಾಲ್ಕು ಜನರನ್ನು ಕರೆತಂದಿದ್ದಳು. ಸಿಡಿಲಣ್ಣ ಕೊಕ್ಕೆಯ ಸಾಲಿನ ಮುಂದೆ ಆ ಕಡೆ ಈ ಕಡೆ ಓಡಾಡಿ, ಆರಿಸಿದವನ ಹಾಗೆ ನಟಿಸಿ, ಕೊನೆಯದನ್ನು ಇಳಿಸಿ ಕೊರಡಿನ ಮೇಲೆ ಹರಡಿದ. ಒಂದು ಕಣ್ಣು ಮುಚ್ಚಿದ.

"ಛೆ, ಛೆ" ಎಂದ. "ನೋಡಿ, ಎಲ್ಲರೂ ನೋಡಿ. ಇಲ್ಲಿ ಗಂಟು. ಇಲ್ಲಿ ಇನ್ನೊಂದು. ಬಣ್ಣ ನೋಡಿ, ಸುಣ್ಣ ಬಳಿದ ಹಾಗಿದೆ. ಎಲ್ಲಕ್ಕಿಂತ ಮುಖ್ಯ ಇದು. ಈ ಕಡೆಯಿಂದೊಂದು ಗೆರೆ, ಆ ಕಡೆಯಿಂದೊಂದು ಗೆರೆ, ನಟ್ಟನಡುವೆ ಅಡ್ಡ ಹಾಯ್ದಿದೆ. ಇಷ್ಟು ವರ್ಷದಲ್ಲಿ ಇಂಥಾದ್ದು ನಾನು ನೋಡಿಲ್ಲ. ಇದರ ಅರ್ಥ ದಾರಿಗೆ ಅಡ್ಡ. ಹೋಗಬಾರದು, ಕೂಡದು ಅಂತ. ನಾನು ಹೇಳ್ತಿಲ್ಲ, ಲಿವರ್ರೇ ಹೇಳ್ತಿದೆ."

ಯಾರೂ ನಗಲಿಲ್ಲ. ಅಕ್ಕ ತಕ್ಕಡಿಯ ಹಿಂದಿನಿಂದ ಎದ್ದು ಬಂದಳು. ಲಿವರ್ ಅನ್ನು ಮುಟ್ಟಲಿಲ್ಲ, ನೋಡಿದಳು.

"ಆ ಗೆರೆ ಹಾಕಿದ್ದು ನಾನು ಕಣೋ" ಎಂದಳು.

"ಏನು?"

"ಕೆಟ್ಟ ಲಿವರ್ ಬಕೆಟ್ಟಿಗೆ ಹಾಕೋ ಮುಂಚೆ ಚಾಕುವಿನಲ್ಲಿ ಅಡ್ಡಡ್ಡ ಎರಡು ಸಲ ಸೀಳ್ತೀನಿ. ಯಾರೂ ಎತ್ಕೊಂಡು ಹೋಗಿ ಮಾರಬಾರದು, ಯಾರ ಮನೆ ಒಲೆಗೂ ಹೋಗಬಾರದು ಅಂತ. ಅಪ್ಪ ಕಲಿಸಿದ್ದು. ಈ ಬೀದೀಲಿ ಮಾಂಸದಂಗಡಿ ಇಟ್ಟೋರಿಗೆಲ್ಲ ಗೊತ್ತು. ನಿನಗೊಬ್ಬನಿಗೆ ಗೊತ್ತಿಲ್ಲ."

ಟೈಲರ್ ಹೆಂಗಸು ತನ್ನ ಚೀಲದೊಳಗಿದ್ದ ಪೊಟ್ಟಣವನ್ನು ತೆಗೆದು ಮೂಸಿ ನೋಡಿದಳು. ಸಿಡಿಲಣ್ಣ ಅದನ್ನು ಕಂಡ. ಮುಖ ಕಪ್ಪಿಟ್ಟಿತು. ಕೂಗಾಡಿದ್ದರೆ ಹಗುರಾಗುತ್ತಿತ್ತು, ಆದರೆ ಬೈಯಲು ಯಾರೂ ಸಿಗಲಿಲ್ಲ.

"ಕೊಕ್ಕೇಲಿ ಇದೊಂದೇ ಇದ್ದದ್ದು, ಬಾಕಿ ಎಲ್ಲಾ ನಾನೇ ನೋಡಿದ್ದು. ಹೆದರಬೇಡಿ" ಎಂದು ಅಕ್ಕ ಸಾಲಿಗೆ ಹೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು. ದನಿ ಏರಲಿಲ್ಲ. "ಈ ಗಳಿಗೆವರೆಗೂ ನಾನೇನೂ ತೀರ್ಮಾನ ಮಾಡಿರಲಿಲ್ಲ. ಇವನನ್ನ ಬಿಟ್ಟು ಹೇಗೆ ಹೋಗೋದು ಅಂತಾನೇ ಇದ್ದೆ. ಹೋಗ್ಬೇಡ ಅಕ್ಕ ಅಂತ ಒಂದು ಮಾತು ಅಂದಿದ್ರೆ ಉಳಿದುಬಿಡ್ತಿದ್ದೆ ಕಣೋ. ನೀನು ಅದನ್ನ ಹೇಳೋಕೆ ಸತ್ತ ಕುರಿ ಕರ್ಕೊಂಡು ಬಂದೆ."

"ಅಕ್ಕ, ನಾನು..."

"ನಮ್ಮ ಕೊಕ್ಕೆಗೆ ಬಕೆಟ್ಟಿನ ಲಿವರ್ ಹಾಕಿದೆಯಲ್ಲೋ."

ಅವಳು ಏಪ್ರನ್ ಬಿಚ್ಚಿ ಮಡಿಸಿ ತಕ್ಕಡಿಯ ಮೇಲಿಟ್ಟಳು. ತಕ್ಕಡಿ ಆ ಕಡೆಗೆ ವಾಲಿತು. ಚಪ್ಪಲಿ ಮೆಟ್ಟಿಕೊಂಡು, "ನಡೀರಿ" ಎಂದಳು.

ಮೇಷ್ಟ್ರು ತಬ್ಬಿಬ್ಬಾಗಿ ಖಾಲಿ ಚೀಲ ತೋರಿಸಿದರು. "ಲಿವರ್?"

"ಮನೇಲಿ ಮೊಟ್ಟೆ ಇಲ್ವಾ? ದಿನಾ ಲಿವರ್ ತಿನ್ನೋಕೆ ನೀವೇನು ಬೆಕ್ಕಾ?"

ಇಬ್ಬರೂ ಬೀದಿಗಿಳಿದರು. ಮೇಷ್ಟ್ರು ಏನೋ ಕೇಳಿದ್ದು, ಅಕ್ಕ ಅವರ ಕೈಯಿಂದ ಚೀಲ ಕಿತ್ತುಕೊಂಡು ಮಡಿಸಿದ್ದು ಅಂಗಡಿಯಿಂದ ಕಾಣಿಸಿತು. ಆಮೇಲೆ ಪಾತ್ರೆ ಅಂಗಡಿಯ ಮೂಲೆ ತಿರುಗಿದರು.

"ಬರ್ತಾಳೆ" ಎಂದ ಸಿಡಿಲಣ್ಣ. "ನನ್ನಕ್ಕ ನನಗೆ ಗೊತ್ತಿಲ್ವಾ? ಬಸ್‌ಸ್ಟಾಪ್ ಮುಟ್ಟೋ ಹೊತ್ತಿಗೆ ಸಿಟ್ಟು ಇಳಿಯುತ್ತೆ, ತಿರುಗಿ ಬರ್ತಾಳೆ. ಬರೆದಿಟ್ಕೊಳ್ಳಿ."

"ಲಿವರ್ ನೋಡಿ ಹೇಳ್ತಿದ್ದೀರೋ, ಹಾಗೇ ಹೇಳ್ತಿದ್ದೀರೋ?" ಎಂದು ಕೇಳಿದಳು ಟೈಲರ್ ಹೆಂಗಸು.

ಅವನು ಮುಂದಿನ ಗಿರಾಕಿಯ ಚೀಲಕ್ಕೆ ಕೈ ಚಾಚಿದ. ಹೊತ್ತೇರಿದಂತೆ ಗಿರಾಕಿಗಳು ಹೆಚ್ಚಾದರು. ಕೊಕ್ಕೆಯಲ್ಲಿದ್ದ ಲಿವರ್‌ಗಳು ಮುಗಿದವು. ಆಗ ತಾನೇ ಬಂದ ಕುರಿಗಳ ಒಳಭಾಗವೆಲ್ಲ ಹಿಂದಿನ ಕೋಣೆಯ ಮೇಜಿನ ಮೇಲೆ ರಾಶಿ ಬಿದ್ದಿತ್ತು, ನೋಡುವವರಿರಲಿಲ್ಲ. ಸಿಡಿಲಣ್ಣ ಮೂಗಿಗೆ ಟವೆಲ್ ಕಟ್ಟಿಕೊಂಡು ಒಳಗೆ ಹೋದ. ಒಂದು ಲಿವರ್ ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ಒತ್ತಿದ. ಮೆತ್ತಗಿತ್ತು, ಒಂದು ಕಡೆ ಅಷ್ಟು ಮೆತ್ತಗಿರಲಿಲ್ಲ. ಅಂಚಿನಲ್ಲಿ ಒಂದು ಕಲೆ ಇತ್ತು. ಅದು ಗಂಟೋ, ಬರೀ ಕೊಬ್ಬೋ ತಿಳಿಯಲಿಲ್ಲ.

"ಅಕ್ಕಾ, ಇದು ನೋಡು" ಎಂದ, ಅಭ್ಯಾಸಬಲದಿಂದ.

ಮುಂದಿನಿಂದ ಯಾರೋ ಗಿರಾಕಿಯ ದನಿ ಬಂತು. "ಅಣ್ಣ, ಎಷ್ಟೊತ್ತು? ಒಲೆ ಮೇಲೆ ನೀರಿಟ್ಟು ಬಂದಿದ್ದೀನಿ."

"ತಾಳ್ರೀ ಸ್ವಲ್ಪ! ಅಕ್ಕ ಬರಲಿ!" ಎಂದು ಕೂಗಿದ ಸಿಡಿಲಣ್ಣ, ಲಿವರ್ ಅನ್ನು ಎರಡು ಕೈಯಲ್ಲೂ ಹಿಡಿದುಕೊಂಡು.

ಅಕ್ಕ ಬರಲಿಲ್ಲ.